1918ರ ಸಾಲು ಹುಡುಕುತ್ತಾ ಮಂಗಳೂರಿನಲ್ಲಿ

ನಮ್ಮ ಮುತ್ತಜ್ಜಿಗೆ ಗೋರಿಕಲ್ಲಿಲ್ಲ. ಅವರ ಹಿಂದೆಯೇ ತೀರಿಕೊಂಡ ಕೈಗೂಸಿಗೂ ಇಲ್ಲ. 1918ರ ಮಳೆಗಾಲ ಮುಗಿದ ಹೊತ್ತಿಗೆ ಮಂಗಳೂರಿನ ಜೆಪ್ಪುವಿನಲ್ಲಿ ಜ್ವರ ಬಂದು ಇಬ್ಬರೂ ಹೋದರು, ಬಾಸೆಲ್ ಮಿಷನ್ ಅನ್ನುವ ಪ್ರೊಟೆಸ್ಟೆಂಟ್ ಕ್ರೈಸ್ತ ಮಿಷನ್ನಿನ ಸ್ಮಶಾನದ ಸಾಲಿನಲ್ಲಿ ಮಣ್ಣು ಮಾಡಿದರು. ಮನೆಯಲ್ಲಿ ಉಳಿದುಕೊಂಡ ಮಾತು ಇಷ್ಟೇ. ಸಾಲು ಅಂದರೆ ಸ್ವಂತ ಜಾಗ ಕೊಳ್ಳಲು ಆಗದವರಿಗೆ ಇಟ್ಟಿದ್ದ ಗುಂಡಿಗಳ ಸಾಲು. ಒಬ್ಬರ ಪಕ್ಕ ಒಬ್ಬರು, ಕೆಲವು ಸಲ ಒಂದೇ ಗುಂಡಿಯಲ್ಲಿ ಇಬ್ಬರು. ತಲೆಯ ಕಡೆ ಒಂದು ಮರದ ಶಿಲುಬೆ ನೆಡುತ್ತಿದ್ದರು, ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅದನ್ನು ಒರಲೆ ತಿಂದು ಮುಗಿಸುತ್ತಿತ್ತು.

ಆಗ ನಮ್ಮ ಅಜ್ಜಿಗೆ ನಾಲ್ಕು ವರ್ಷ. ತಾಯಿಯ ಮುಖ ನೆನಪಿಲ್ಲ ಅನ್ನುತ್ತಿದ್ದರು, ಆದರೆ ತಾಯಿಯನ್ನು ಮಲಗಿಸಿದ ಜಾಗ ಚೆನ್ನಾಗಿ ನೆನಪಿತ್ತು. ಮಿಷನ್ ಬೋರ್ಡಿಂಗ್‌ನಲ್ಲಿ ಬೆಳೆದು, ಮೇಷ್ಟ್ರೊಬ್ಬರನ್ನು ಮದುವೆಯಾಗಿ ಘಟ್ಟ ಹತ್ತಿದ ಮೇಲೆ ಅವರು ಊರಿಗೆ ಹೋಗಿದ್ದೇ ಕಡಿಮೆ. ನಾನು ಹೊರಟು ನಿಂತಾಗ ಬೆಂಗಳೂರಿನ ನೆಂಟರು ಒಬ್ಬೊಬ್ಬರೂ ಕೇಳಿದ್ದು ಒಂದೇ ಪ್ರಶ್ನೆ. ಕಲ್ಲೇ ಇಲ್ಲದ ಮೇಲೆ ಏನನ್ನು ಹುಡುಕುತ್ತೀಯಾ? ನನಗೆ ಅನಿಸಿದ್ದು ಬೇರೆ. ಕಲ್ಲು ಹಾಕಿಸುವುದು ಮನೆಯವರ ಕೆಲಸ, ಲೆಕ್ಕ ಬರೆಯುವುದು ಸಭೆಯ, ಅಂದರೆ ಚರ್ಚಿನ, ಕೆಲಸ. ಮನೆಯವರ ಕೈಯಲ್ಲಿ ಕಾಸಿಲ್ಲದಿದ್ದರೂ ಸಭೆ ಲೆಕ್ಕ ಬರೆದೇ ಬರೆದಿರುತ್ತದೆ. ಹಾಗಾಗಿ ಮೊದಲು ಕಾಗದ, ಆಮೇಲೆ ಮಣ್ಣು.

ಗುರುವಾರ

ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿದು ಬೆಳಗಾಗುವಾಗ ಮಂಗಳೂರು ಮುಟ್ಟಿತು. ಜ್ಯೋತಿ ಸರ್ಕಲ್‌ನಲ್ಲಿ ಇಳಿದು ಆಟೋ ಹಿಡಿದು ಜೆಪ್ಪುವಿಗೆ ಹೋದೆ. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಅಲ್ಲೇ ಇರುವುದು. ವಯಸ್ಸು ಎಂಬತ್ತು ದಾಟಿದೆ, ಮೊಣಕಾಲು ನೋವು, ಆದರೆ ಯಾವ ಮನೆಯವರು ಯಾರಿಗೆ ಏನಾಗಬೇಕು ಅನ್ನುವುದೆಲ್ಲಾ ಬಾಯಲ್ಲೇ ಇದೆ. ನೀರುದೋಸೆ, ಕಾಯಿಬೆಲ್ಲ ಮುಂದಿಟ್ಟು, ನಾನು ತಿಂದು ಕೈ ತೊಳೆಯುವವರೆಗೂ ಸ್ಮಶಾನದ ಮಾತೇ ಎತ್ತಲಿಲ್ಲ.

ಆಮೇಲೆ ಕಪಾಟಿನಿಂದ ಅಜ್ಜಿಯ ಕನ್ನಡ ಬೈಬಲ್ ತೆಗೆದರು. ನಮ್ಮವರ ಮನೆಗಳಲ್ಲಿ ಬೈಬಲ್ಲಿನ ಮೊದಲ ಖಾಲಿ ಹಾಳೆಯಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಬರೆದಿಡುವ ರೂಢಿ ಇದೆ. ಅಜ್ಜಿಯ ದುಂಡು ಅಕ್ಷರದಲ್ಲಿ ಒಂದು ಸಾಲು ಇತ್ತು: "ನನ್ನ ತಾಯಿ 1918 ಅಕ್ಟೋಬರದಲ್ಲಿ ಕರ್ತನಲ್ಲಿ ನಿದ್ರೆಹೋದರು. ತಮ್ಮನೂ." ತಾರೀಖು ಇಲ್ಲ. ತಮ್ಮನ ಹೆಸರೂ ಇಲ್ಲ.

"ಈಸ್ಟರ್ ದಿನ ಬೆಳಗಾಗುವ ಮೊದಲೇ ಸ್ಮಶಾನದಲ್ಲಿ ಆರಾಧನೆ ಇರ್ತದಲ್ವಾ, ಅಮ್ಮ ಊರಿಗೆ ಬಂದಾಗಲೆಲ್ಲಾ ನನ್ನನ್ನು ಕರ್ಕೊಂಡು ಹೋಗ್ತಿದ್ದರು" ಅಂದರು ದೊಡ್ಡಮ್ಮ. "ಮಿಷನರಿಗಳ ಗೋರಿ ದಾಟಿ, ಬಾವಿ ದಾಟಿ, ಗೋಡೆಯ ಹತ್ತಿರ ಹೋಗಿ ನಿಲ್ತಿದ್ದರು. ಒಂದು ಹಿಡಿ ಅಬ್ಬಲಿಗೆ ಹೂವು ನೆಲದ ಮೇಲೆ ಇಡ್ತಿದ್ದರು. ಅಲ್ಲಿ ಎಂತದೂ ಇರ್ಲಿಲ್ಲ ಮಗಾ, ಬರೀ ಹುಲ್ಲು. ನಾನು ಸಣ್ಣವಳು, ಯಾಕೆ ಅಲ್ಲಿ ಇಡ್ತೀರಿ ಅಂತ ಕೇಳ್ಲಿಲ್ಲ."

ನಾನು ಇದನ್ನೆಲ್ಲಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ದಯವಿಟ್ಟು ಮೊದಲು ಈ ಕೆಲಸ ಮಾಡಿ. ರಿಜಿಸ್ಟರ್ ಇನ್ನೂ ಹತ್ತು ವರ್ಷ ಬಿಟ್ಟು ನೋಡಬಹುದು.

ಸಂಜೆ ಮೋರ್ಗನ್ಸ್‌ಗೇಟ್ ಕಡೆ ನಡೆದುಕೊಂಡು ಹೋದೆ. ಮುತ್ತಜ್ಜ ದುಡಿದ ಹಂಚಿನ ಕಾರ್ಖಾನೆ ಇದ್ದದ್ದು ಇದೇ ಭಾಗದಲ್ಲಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನವರು, ಅವರಲ್ಲಿ ಹೆಚ್ಚಿನವರು ಜರ್ಮನ್ನರು, ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಕ್ಕೆ ಸೇರಿದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಇದ್ದ ಕಸುಬು, ಒಕ್ಕಲು ಎಲ್ಲಾ ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ಏನಾದರೂ ಬೇಕಲ್ವಾ, ಹಾಗೆ ಮಿಷನ್ ನೇಯ್ಗೆ ಶುರು ಮಾಡಿತು, 1841ರಲ್ಲಿ ಅಚ್ಚುಕೂಟ ಹಾಕಿತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಡದ ಜೇಡಿಮಣ್ಣು, ಯಂತ್ರದಲ್ಲಿ ಒತ್ತಿ ಭಟ್ಟಿಯಲ್ಲಿ ಸುಟ್ಟ ಹಂಚು. ದೇಶವೆಲ್ಲಾ ಮಂಗಳೂರು ಹಂಚು ಅಂತ ಕರೆಯುವುದು ಇದನ್ನೇ. ಅಚ್ಚುಕೂಟದವರ, ಮಿಷನರಿಗಳ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಹಂಚು ಒತ್ತಿದವರ ಹೆಸರು ಎಲ್ಲೂ ಇಲ್ಲ. ನಮ್ಮದು ಹಂಚು ಒತ್ತಿದವರ ಮನೆ.

ಶುಕ್ರವಾರ

ಮರುದಿನ ಶನಿವಾರ ರಾಜ್ಯೋತ್ಸವದ ರಜೆ, ಹಾಗಾಗಿ ಕಾಗದದ ಕೆಲಸ ಇವತ್ತೇ ಆಗಬೇಕಿತ್ತು. ಸಭಾಪಾಲಕರಿಗೆ ಮೊದಲೇ ಪತ್ರ ಬರೆದಿದ್ದೆ. ಅಯ್ಯನವರು ಒಳ್ಳೆಯವರು. ಯಾವ ವರ್ಷ, ಯಾರ ಕಡೆಯವರು ಅಂತ ಎರಡು ಮಾತು ಕೇಳಿ ಬೀಗ ತೆಗೆಸಿದರು. ಜೊತೆಗೆ ದೊಡ್ಡಮ್ಮ ಇದ್ದದ್ದರಿಂದ ಗುರುತಿನ ಚೀಟಿಯ ಅಗತ್ಯವೇ ಬರಲಿಲ್ಲ.

ಮರಣದ ರಿಜಿಸ್ಟರ್ ಅಂದರೆ ಉದ್ದನೆಯ ದಪ್ಪ ಪುಸ್ತಕ, ತೊಗಲಿನ ಬೆನ್ನು ಬಿಟ್ಟುಹೋಗಿದೆ, ನುಸಿಗುಳಿಗೆಯ ವಾಸನೆ. ಹಾಳೆ ತಿರುಗಿಸುವಾಗ ಅಂಚು ಪುಡಿಯಾಗಿ ಮೇಜಿನ ಮೇಲೆ ಉದುರುತ್ತಿತ್ತು, ಅದಕ್ಕೆ ಒಂದು ಅಗಲ ಕಾಗದವನ್ನು ಅಡಿಗೆ ತೂರಿಸಿ ಅದರ ಸಮೇತ ತಿರುಗಿಸಿದೆವು. ಅಡ್ಡಕ್ಕೆ ಗೆರೆ ಹಾಕಿದ ಮನೆಗಳು. ನಂಬ್ರ, ಹೆಸರು, ವಯಸ್ಸು, ಉದ್ಯೋಗ, ಕಾಯಿಲೆ, ಮರಣದ ದಿನ, ಹೂಣಿದ ದಿನ, ಕೊನೆಗೆ ಷರಾ. ಹಿಂದಿನ ಪುಟಗಳಲ್ಲಿ ಅಲ್ಲಲ್ಲಿ ಜರ್ಮನ್ ಕೈಬರಹ ಇದೆ. ಮೊದಲ ಮಹಾಯುದ್ಧ ಶುರುವಾದ ಮೇಲೆ ಅದು ಪೂರ್ತಿ ನಿಂತು ಎಲ್ಲಾ ಕನ್ನಡವೇ. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ಅವರ ದೇಶಕ್ಕೆ ಕಳಿಸಿಬಿಟ್ಟಿತ್ತು, ಸಭೆ ನಡೆಸುವ ಭಾರ ಊರಿನವರ ಮೇಲೇ ಬಿತ್ತು. ಅಂಥ ಹೊತ್ತಿನಲ್ಲಿ, ಅದೂ ಜ್ವರದ ತಿಂಗಳಲ್ಲಿ, ಯಾರೋ ಒಬ್ಬರು ಒಂದು ದಿನವೂ ತಪ್ಪಿಸದೆ ಇದನ್ನು ತುಂಬಿಸಿದ್ದಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ.

1918ರ ಜುಲೈ, ಆಗಸ್ಟ್ ಪುಟದಲ್ಲಿ ಸಾವುಗಳು ವಿರಳ. ಸೆಪ್ಟೆಂಬರ್ ಕೊನೆಗೆ ಬರುತ್ತಿದ್ದಂತೆ ಮನೆಗಳು ತುಂಬತೊಡಗುತ್ತವೆ. ಅಕ್ಟೋಬರ್‌ನಲ್ಲಿ ಒಂದೇ ದಿನಕ್ಕೆ ಮೂರು, ನಾಲ್ಕು ಹೆಸರು. ಕಾಯಿಲೆಯ ಮನೆಯಲ್ಲಿ ಎಲ್ಲರಿಗೂ ಒಂದೇ ಮಾತು, "ಜ್ವರ". ಕೆಲವು ಕಡೆ ಬರೆಯುವುದನ್ನೂ ಬಿಟ್ಟು ಮೇಲಿನದ್ದೇ ಅಂತ ಎರಡು ಗೀಟು ಎಳೆದಿದ್ದಾರೆ. ಆ ಕಾಲದ ಸರ್ಕಾರಿ ಲೆಕ್ಕದಲ್ಲೂ ಹಾಗೆಯೇ, ಆ ವರ್ಷದ ಇನ್‌ಫ್ಲುಯೆಂಜಾ (ಸ್ಪ್ಯಾನಿಷ್ ಫ್ಲೂ) ಸಾವುಗಳು ಹೆಚ್ಚಿನವು ಜ್ವರದ ಖಾತೆಗೇ ಹೋದವು.

ಈ ಕಾಯಿಲೆ 1918ರ ಜೂನ್ ಹೊತ್ತಿಗೆ ಬಾಂಬೆ ಬಂದರಿನಲ್ಲಿ ಕಾಣಿಸಿಕೊಂಡಿತು. ಮೊದಲ ಸುತ್ತು ಹಗುರ. ಸೆಪ್ಟೆಂಬರ್‌ನಿಂದ ಬಂದ ಎರಡನೇ ಸುತ್ತು ಊರೂರನ್ನೇ ಗುಡಿಸಿತು. ಹಡಗು, ರೈಲು, ಯುದ್ಧದಿಂದ ವಾಪಸಾಗುವ ಸಿಪಾಯಿಗಳು, ಇವರ ಜೊತೆಗೇ ಅದೂ ಓಡಾಡಿತು. ಮಂಗಳೂರು ಬಂದರು ಊರು, 1907ರಿಂದ ರೈಲೂ ಇತ್ತು. ಇಡೀ ದೇಶದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿ ಎಂದು ಅಂದಾಜು ಮಾಡುತ್ತಾರೆ. ಸಾಮಾನ್ಯವಾಗಿ ಜ್ವರ ಅಂದರೆ ಮುದುಕರು, ಮಕ್ಕಳು ಹೋಗುವುದು. ಇದು ಇಪ್ಪತ್ತರಿಂದ ನಲವತ್ತರ ದುಡಿಯುವವರನ್ನೇ ಹಿಡಿಯಿತು. ರಿಜಿಸ್ಟರಿನ ವಯಸ್ಸಿನ ಮನೆಯ ಮೇಲೆ ಬೆರಳಿಟ್ಟು ಇಳಿಸುತ್ತಾ ಹೋದರೆ ಅದು ಕಣ್ಣಿಗೇ ಹೊಡೆಯುತ್ತದೆ. 31, 24, 28, 22, 35.

ಆಮೇಲೆ 26. ಹೆಸರು, ಪಕ್ಕದಲ್ಲಿ "ಹಂಚಿನ ಕಾರ್ಖಾನೆ ಕೆಲಸದವನ ಹೆಂಡತಿ". ದೊಡ್ಡಮ್ಮ ಕನ್ನಡಕ ಸರಿ ಮಾಡಿಕೊಂಡು ಗಟ್ಟಿಯಾಗಿ ಓದಿದರು. ಮುತ್ತಜ್ಜನ ಹೆಸರೂ ಅದೇ ಸಾಲಿನಲ್ಲಿತ್ತು, ಅನುಮಾನಕ್ಕೆ ಜಾಗವಿಲ್ಲ. ಷರಾದಲ್ಲಿ "ಸಾಲು". ಅದರ ಕೆಳಗೆ, ಎರಡು ದಿನ ಕಳೆದ ಮೇಲಿನ ತಾರೀಖಿಗೆ, ಅದೇ ತಂದೆಯ ಹೆಸರಿನಲ್ಲಿ ಇನ್ನೊಂದು ನಂಬ್ರ. ಗಂಡು ಮಗು, 7 ತಿಂಗಳು, ಜ್ವರ. ಷರಾ: "ತಾಯಿಯ ಗುಂಡಿಯಲ್ಲಿ".

ಆ ಮಗುವಿಗೆ ಹೆಸರೂ ಇತ್ತು. ನೂರು ವರ್ಷ ನಮ್ಮ ಮನೆಯಲ್ಲಿ "ತಮ್ಮನೂ" ಅಂತ ಮಾತ್ರ ಇದ್ದ ಹುಡುಗ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮನೆಯ ಹಿರಿಯರು ಬೇಡ ಅಂದಿದ್ದಾರೆ. ದೊಡ್ಡಮ್ಮ ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಂದೆ ತಿರುಗಿಸು" ಅಂದರು.

ಆಗಸ್ಟ್‌ನಿಂದ ಜನವರಿ 1919ರವರೆಗಿನ ಪುಟಗಳ ಫೋಟೋ ತೆಗೆಯಲು ಅನುಮತಿ ಸಿಕ್ಕಿತು. ಪ್ರತಿ ಪುಟಕ್ಕೂ ಎರಡು ಫೋಟೋ, ಒಂದು ನೇರ ಬೆಳಕಿನಲ್ಲಿ, ಇನ್ನೊಂದು ಕಿಟಕಿಯಿಂದ ಓರೆಯಾಗಿ ಬರುವ ಬೆಳಕಿನಲ್ಲಿ. ಮಸಿ ಮಾಸಿದ ಕಡೆ ನಿಬ್ಬು ಒತ್ತಿದ ಗುರುತು ಓರೆ ಬೆಳಕಿನಲ್ಲೇ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ಮನೆಗೆ ಬಂದು ಗಂಜಿ, ಬಂಗುಡೆ ಪುಳಿಮುಂಚಿ ಊಟ. ರಾತ್ರಿಯವರೆಗೂ ಕೂತು ಫೋಟೋ ನೋಡಿ ಪಟ್ಟಿ ಬರೆದೆ.

ಶನಿವಾರ

ಬೆಳಿಗ್ಗೆ ಆಟೋಗಳಿಗೆಲ್ಲಾ ಹಳದಿ ಕೆಂಪು ಬಾವುಟ. ಅದರಲ್ಲೊಂದನ್ನು ಹಿಡಿದು, ದೊಡ್ಡಮ್ಮ ಬೇಡವೆಂದರೂ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದೆ ಕಟ್ಟಿಕೊಂಡು ಸ್ಮಶಾನಕ್ಕೆ ಹೋದೆವು.

ಗೇಟಿನ ಹತ್ತಿರ ಮಿಷನರಿಗಳ ಗೋರಿಗಳು. ಅಮೃತಶಿಲೆ, ಕರಿಕಲ್ಲು, ಆಳವಾಗಿ ಕೊರೆದ ಜರ್ಮನ್ ಅಕ್ಷರ. ಎಷ್ಟೋ ಕಲ್ಲುಗಳಲ್ಲಿ ಇಪ್ಪತ್ತೇಳು, ಮೂವತ್ತು ವರ್ಷದ ಹೆಂಗಸರು, ಪಕ್ಕದಲ್ಲೇ ಪುಟ್ಟ ಮಕ್ಕಳು. ಅವರ ಕಷ್ಟವೂ ಸಣ್ಣದಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮದ್ರಾಸ್ ಸರ್ಕಾರ 1905ರಲ್ಲೇ ಪ್ರಾಂತ್ಯದ ಯುರೋಪಿಯನ್ನರ ಸಮಾಧಿ ಬರಹಗಳ ಪಟ್ಟಿಯನ್ನು ಅಚ್ಚು ಹಾಕಿಸಿತ್ತು. ಅವರ ಮರಣದ ದಾಖಲೆಗಳ ನಕಲು ಲಂಡನ್‌ಗೂ ಹೋಗುತ್ತಿತ್ತು, ಇವತ್ತಿಗೂ ಅಲ್ಲಿ ನೋಡಬಹುದು. ಅದೇ ಸ್ಮಶಾನದ ಗೋಡೆ ಬದಿಯ ಸಾಲಿಗೆ ಇರುವುದು ನಿನ್ನೆ ನೋಡಿದ ಆ ಒಂದೇ ಪುಸ್ತಕ. ಅದು ಪುಡಿಯಾದರೆ ಮುಗಿಯಿತು.

ನಮ್ಮವರ ಹಳೇ ಗೋರಿಗಳು ಹೆಚ್ಚಾಗಿ ಮುರಕಲ್ಲಿನವು. ಕೆಂಪಗೆ, ತೂತುತೂತಾದ ಕಲ್ಲು. ಮನೆ ಕಟ್ಟಲು ಗಟ್ಟಿ, ಅಕ್ಷರ ಹಿಡಿಯಲು ಅಲ್ಲ. ಅದರ ಮೇಲೆ ಗಾರೆ ಬಳಿದು, ಗಾರೆಯ ಮೇಲೆ ಹೆಸರು ಕೊರೆಯುತ್ತಿದ್ದರು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಗಾರೆ ಕಳಚಿದ ದಿನವೇ ಹೆಸರೂ ಹೋಯಿತು. ಮಣ್ಣಿನದ್ದೂ ಅದೇ ಗುಣ. ಮುರಕಲ್ಲು ಸೀಮೆಯ ಮಣ್ಣಿನಲ್ಲಿ ಹುಳಿ ಜಾಸ್ತಿ, ನೀರು ಸದಾ ಇಳಿಯುತ್ತಿರುತ್ತದೆ, ಎಲುಬು ಬಹಳ ವರ್ಷ ತಡೆಯುವುದಿಲ್ಲ. ಅಗೆದರೆ ಏನಾದರೂ ಸಿಕ್ಕೀತು ಅನ್ನುವವರಿಗೆ ಇದು ಉತ್ತರ. ಅಗೆಯುವ ಯೋಚನೆ ನಮಗೂ ಇರಲಿಲ್ಲ.

ಸ್ಮಶಾನ ನೋಡಿಕೊಳ್ಳುವ ಹಿರಿಯರೊಬ್ಬರು ಕಾಯುತ್ತಿದ್ದರು. ಅವರ ಅಪ್ಪನೂ ಇಲ್ಲೇ ಗುಂಡಿ ತೆಗೆಯುತ್ತಿದ್ದವರು. ದೊಡ್ಡಮ್ಮನಿಗೂ ಅವರಿಗೂ ಹಳೇ ಪರಿಚಯ, ಇಬ್ಬರೂ ತುಳುವಿನಲ್ಲಿ ಸುಮಾರು ಹೊತ್ತು ಸುಖದುಃಖ ಮಾತಾಡಿಕೊಂಡರು. ಆಮೇಲೆ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "1918 ಅಂದ್ರೆ ಜ್ವರದ ಸಾಲು. ಆ ಬದಿ ನಾವು ಅಗೆಯುವುದಿಲ್ಲ. ಬೇರೆ ಸಾಲುಗಳನ್ನು ಇಪ್ಪತ್ತು ಮೂವತ್ತು ವರ್ಷಕ್ಕೆ ಮತ್ತೆ ತೆಗೀತಾರೆ, ಜಾಗ ಬೇಕಲ್ಲಾ. ಅದನ್ನು ಮುಟ್ಟಬಾರ್ದು ಅಂತ ಅಪ್ಪ ಹೇಳಿದ್ರು" ಅಂದರು.

ಇದು ದೊಡ್ಡ ಸುದ್ದಿ. ಸಾಮಾನ್ಯ ಗುಂಡಿಗಳ ಪಾಡೇ ಅಷ್ಟು, ಒಬ್ಬರು ಮಣ್ಣಾದ ಮೇಲೆ ಇನ್ನೊಬ್ಬರಿಗೆ ಅದೇ ಜಾಗ. ಹಾಗೆ ಎರಡು ಸುತ್ತು ಬಂದಿದ್ದರೆ ರಿಜಿಸ್ಟರಿನ ಸಾಲಿಗೂ ನೆಲದ ಸಾಲಿಗೂ ಸಂಬಂಧವೇ ಉಳಿಯುತ್ತಿರಲಿಲ್ಲ. ಜ್ವರದ ಭಯ ಈ ಒಂದು ಸಾಲನ್ನು ಹಾಗೇ ಉಳಿಸಿದೆ.

ಬಾವಿ ಇನ್ನೂ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬಾವಿ ದಾಟಿ ಗೋಡೆ ಕಡೆ ಹೋದರೆ ಹುಲ್ಲು, ಮುಟ್ಟಿದರೆ ಮುನಿ, ಅಲ್ಲಲ್ಲಿ ತಗ್ಗು. ಆ ತಗ್ಗುಗಳೇ ಗುಂಡಿಗಳು, ಪೆಟ್ಟಿಗೆ ಕುಸಿದಾಗ ಮೇಲಿನ ಮಣ್ಣು ಇಳಿಯುತ್ತದೆ. ಹುಲ್ಲು ಕತ್ತರಿಸುತ್ತಾ ಹೋದಾಗ ಅಂಚಿನಲ್ಲಿ ನೆಲಕ್ಕೆ ನಿಲ್ಲಿಸಿ ಹೂತ ಹಂಚುಗಳು ಸಿಕ್ಕವು. ಕಾರ್ಖಾನೆಯಲ್ಲಿ ಒಡೆದ ಹಂಚಿಗೆ ಬರವೇ, ಸಾಲಿನ ಗಡಿ ಗುರುತಿಗೆ ಅದನ್ನೇ ನೆಟ್ಟಿದ್ದಾರೆ. ಒಂದರ ಮಣ್ಣು ಉಜ್ಜಿ ಬೆನ್ನು ನೋಡಿದೆ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಈ 1865 ನೋಡಿ ಎಷ್ಟೋ ಜನ ತಮ್ಮ ಮನೆಯ ಹಂಚು 1865ರದ್ದು ಅಂದುಕೊಳ್ಳುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ನಮಗೆ ಉಪಯೋಗಕ್ಕೆ ಬಂದದ್ದು ಹೆಸರು. ಮೊದಲ ಮಹಾಯುದ್ಧದ ಹೊತ್ತಿಗೆ ಸರ್ಕಾರ ಮಿಷನ್‌ನ ಉದ್ಯಮಗಳನ್ನು ಕೈಗೆ ತೆಗೆದುಕೊಂಡಿತು, ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು, ಹಂಚಿನ ಮೇಲಿನ ಹೆಸರೂ ಬದಲಾಯಿತು. ಹಳೇ ಹಂಚನ್ನು ಮುಂದೆ ಯಾವತ್ತಾದರೂ ತಂದು ನೆಡಬಹುದು, ಆದರೆ ಕಾಮನ್‌ವೆಲ್ತ್ ಹಂಚನ್ನು 1918ರಲ್ಲಿ ನೆಡಲು ಸಾಧ್ಯವಿಲ್ಲ, ಆಗ ಅದು ಇರಲೇ ಇಲ್ಲ. ನಾವು ನಿಂತಿದ್ದ ಸಾಲಿನ ಉದ್ದಕ್ಕೂ ಬಾಸೆಲ್ ಮಿಷನ್ ಹಂಚು. ಅದರ ಮುಂದಿನ ಸಾಲಿನಲ್ಲಿ ಕಾಮನ್‌ವೆಲ್ತ್ ಹಂಚು. ಅಂದರೆ ಯುದ್ಧದ ಕೊನೆಯ ಕಾಲದ ಗಡಿ ಇಲ್ಲೇ ಎಲ್ಲೋ ಇದೆ.

ಸಾಲಿನಲ್ಲಿ ಎರಡೇ ಎರಡು ಕಲ್ಲು ಇವೆ, ಸಣ್ಣ ಕರಿಕಲ್ಲುಗಳು, ಮುಂದೆ ಯಾವಾಗಲೋ ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಮನೆಯವರು ತಂದು ಹಾಕಿರಬೇಕು. ಒಂದರ ಮೇಲೆ ಆಗಸ್ಟ್ 1918. ಇನ್ನೊಂದರ ಮೇಲೆ ಜನವರಿ 1919. ಎರಡೂ ಹೆಸರು ನನ್ನ ಪಟ್ಟಿಯಲ್ಲಿದ್ದವು! ಅಲ್ಲಿಂದ ಮುಂದೆ ಬರೀ ಲೆಕ್ಕ. ಈ ಎರಡು ಹೆಸರುಗಳ ನಡುವೆ ರಿಜಿಸ್ಟರಿನಲ್ಲಿ 23 ಜನ. ಅದರಲ್ಲಿ 5 ಜನಕ್ಕೆ ಷರಾದಲ್ಲಿ ಸ್ವಂತ ಜಾಗ ಅಂತ ಇದೆ, ಅವರು ಇಲ್ಲಿಲ್ಲ. 4 ಮಕ್ಕಳು ತಾಯಂದಿರ ಗುಂಡಿಯಲ್ಲಿ. ಉಳಿಯುವುದು 14 ಗುಂಡಿ. ಮೂರು ಅಡಿಯ ಗುಂಡಿ, ನಡುವೆ ಒಂದಡಿ ಮಣ್ಣು ಬಿಡುತ್ತಿದ್ದರು ಅಂತ ಹಿರಿಯರು ಹೇಳಿದರು. 14 ನಾಲ್ಕಲಿ 56 ಅಡಿ. ಟೇಪು ಹಿಡಿದು ಎರಡು ಕಲ್ಲುಗಳ ನಡುವೆ ಅಳೆದೆವು, 58 ಅಡಿ.

ಸತ್ತವರನ್ನು ಸತ್ತ ಕ್ರಮದಲ್ಲೇ ಒಂದು ಕೊನೆಯಿಂದ ತುಂಬಿಸುತ್ತಾ ಬರುತ್ತಿದ್ದರು, ಸಾಲಿನಲ್ಲಿ ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಹಾಗಾಗಿ ರಿಜಿಸ್ಟರಿನ ಕ್ರಮವೇ ನೆಲದ ಕ್ರಮ. ಮುತ್ತಜ್ಜಿಯದು ಒಂಬತ್ತನೆಯ ಗುಂಡಿ. ಆಗಸ್ಟ್ ಕಲ್ಲಿನಿಂದ 32 ಅಡಿ ದಾಟಿದರೆ ಶುರು.

ಹಿರಿಯರು ತಮ್ಮ ಹಾರೆ ತಂದರು. ಅಗೆಯಲು ಅಲ್ಲ, ಎರಡು ಬೆರಳು ಆಳಕ್ಕೆ ಕುಟ್ಟಿ ನೋಡಲು. "ಇಲ್ಲಿ ನೋಡಿ, ಟಣ್ ಅಂತದೆ. ಇದು ಮುಟ್ಟದ ಮುರ." ಮತ್ತೆ ಒಂದಡಿ ಆಚೆ ಕುಟ್ಟಿದರು, ಶಬ್ದವೇ ಇಲ್ಲ, ಹಾರೆ ಮೆತ್ತಗೆ ಇಳಿಯಿತು. "ಇದು ಯಾರೋ ಒಮ್ಮೆ ಅಗೆದ ಮಣ್ಣು. ನೂರಲ್ಲ, ಇನ್ನೂರು ವರ್ಷ ಹೋದ್ರೂ ಅಗೆದ ಮಣ್ಣು ಗೊತ್ತಾಗ್ತದೆ." ಹೀಗೆ ಕುಟ್ಟುತ್ತಾ ಸಾಲಿನ ಉದ್ದಕ್ಕೂ ಹೋದರು. ಗಟ್ಟಿ, ಮೆತ್ತಗೆ, ಗಟ್ಟಿ, ಮೆತ್ತಗೆ. ಮೆತ್ತಗಿನ ಜಾಗಗಳು ಹದಿನಾಲ್ಕು. ಒಂಬತ್ತನೆಯದರ ತುದಿಯಲ್ಲಿ ನಾನು ಒಂದು ಕಡ್ಡಿ ಚುಚ್ಚಿದೆ.

ದೊಡ್ಡಮ್ಮ ಕುರ್ಚಿಯಿಂದ ಎದ್ದು ಬಂದು ಆಚೀಚೆ ನೋಡಿದರು. ಬಾವಿ ನೋಡಿದರು, ಗೋಡೆ ನೋಡಿದರು. "ಇಲ್ಲೇ" ಅಂದರು. "ಅಮ್ಮ ನಿಲ್ತಿದ್ದದ್ದು ಇಲ್ಲೇ. ಗೋಡೆ ಅಲ್ಲಿ ಬಾಗ್ತದೆ ನೋಡು, ಆ ಬಾಗು ನಂಗೆ ನೆನಪುಂಟು." ನಾವು ಅಲ್ಲೇ ನಿಂತು ಕರ್ತನ ಪ್ರಾರ್ಥನೆ ಹೇಳಿದೆವು. ಹಿರಿಯರೂ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು.

ಆಮೇಲೆ ಕೆಲಸ. ಎರಡು ಕಲ್ಲುಗಳ ಫೋಟೋ, ಅಳತೆ, ಬಾವಿಯ ಕಟ್ಟೆಯಿಂದ ಮತ್ತು ಗೋಡೆಯ ಬಾಗಿನಿಂದ ದೂರ, ಎಲ್ಲಾ ಬರೆದುಕೊಂಡೆ. ಫೋನಿನ ಮ್ಯಾಪ್ ಇಂಥ ಕಡೆ ಹತ್ತು ಹದಿನೈದು ಅಡಿ ಆಚೀಚೆ ತೋರಿಸುತ್ತದೆ, ಮೂರಡಿಯ ಗುಂಡಿಗೆ ಅದು ಸಾಲದು. ಅಲುಗಾಡದ ಎರಡು ಗುರುತಿನಿಂದ ಟೇಪು ಹಿಡಿದು ಅಳೆಯುವುದೇ ಸರಿ.

ಭಾನುವಾರ

ಬೆಳಿಗ್ಗೆ ಆರಾಧನೆ. ಮುಗಿದ ಮೇಲೆ ದೊಡ್ಡಮ್ಮ ಅಂಗಳದಲ್ಲಿ ನನ್ನ ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. "ಇದು ನಿಮ್ಮ ಅಜ್ಜನ ಚಿಕ್ಕಪ್ಪ ಅಲ್ವಾ?" ಹಾಗೆ ನಿಂತವರಲ್ಲಿ ಒಬ್ಬರು ಪಟ್ಟಿಯ ಒಂದು ಹೆಸರು ನೋಡಿ ಸುಮ್ಮನಾಗಿಬಿಟ್ಟರು. ಅವರ ಮನೆಯಲ್ಲಿ ಆ ಹೆಸರಿನವರು ಬೊಂಬಾಯಿಗೆ ಓಡಿಹೋದರು, ವಾಪಸ್ ಬರಲೇ ಇಲ್ಲ ಅನ್ನುವ ಕತೆ ಇತ್ತಂತೆ.

ಅವತ್ತು ನವೆಂಬರ್ 2, ಕೆಥೋಲಿಕರು ಸತ್ತವರನ್ನು ನೆನೆಯುವ ದಿನ. ಸಂಜೆ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಸ್ಮಶಾನಕ್ಕೆ ಹೋದೆ. ಇಗರ್ಜಿ ಕಟ್ಟಿಸಿದ್ದು 1680ರಲ್ಲಿ, ಗೋವಾ ಮೂಲದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ. 1684ರಲ್ಲಿ ತೀರಿಕೊಂಡ ಅವರನ್ನು ಇಲ್ಲೇ ಹೂಳಿದ್ದಾರೆ. ನೂರು ವರ್ಷದ ಮೇಲೆ, 1784ರಲ್ಲಿ, ಟಿಪ್ಪು ಕಾಲದಲ್ಲಿ ಇಗರ್ಜಿಯನ್ನು ಕೆಡವಿದರು, ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರಿಗೆ ಸಾಲೂ ಇಲ್ಲ, ಷರಾ ಬರೆಯುವವರೂ ಇರಲಿಲ್ಲ. ನಮ್ಮ ಮುತ್ತಜ್ಜಿಗೆ ಅಷ್ಟಾದರೂ ಸಿಕ್ಕಿತು.

ಗೋರಿಗಳಿಗೆಲ್ಲಾ ಸುಣ್ಣ ಬಳಿದು, ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚಿದ್ದರು. ಇವರಲ್ಲೂ ಮನೆತನದ ಗೋರಿ ಬೇರೆ, ಸಾಮಾನ್ಯ ಗುಂಡಿ ಬೇರೆ. ಸ್ವಂತ ಗೋರಿ ಇಲ್ಲದವರು ಎಲ್ಲಿ ಬತ್ತಿ ಹಚ್ಚುತ್ತಾರೆ ಅಂತ ಒಬ್ಬ ಬಾಯಮ್ಮನನ್ನು ಕೇಳಿದೆ. ದೊಡ್ಡ ಶಿಲುಬೆಯ ಬುಡ ತೋರಿಸಿದರು. ಅಲ್ಲಿ ಹತ್ತಿಪ್ಪತ್ತು ಬತ್ತಿಗಳು ಒಟ್ಟಿಗೆ ಉರಿಯುತ್ತಿದ್ದವು. ನಮ್ಮ ಸಾಲಿಗೂ ಎಲ್ಲರಿಗೂ ಸೇರಿ ಒಂದು ಕಲ್ಲು ಯಾಕಾಗಬಾರದು ಅನ್ನುವ ಯೋಚನೆ ನನಗೆ ಬಂದದ್ದು ಅಲ್ಲಿ.

ಸೋಮವಾರ

ಬೆಳಿಗ್ಗೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿ. ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ. 1899ರ ಮದ್ರಾಸ್ ಕಾಯ್ದೆಯ ಪ್ರಕಾರ ಇಂಥ ಊರುಗಳಲ್ಲಿ ಜನನ ಮರಣ ನೋಂದಣಿ ನಡೆಯುತ್ತಿತ್ತು. ಈಗಿನ 1969ರ ಕಾಯ್ದೆಯ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರ್ ಹುಡುಕಿಸಿ ಮರಣದ ನಕಲು ಕೇಳಬಹುದು. ವರ್ಷ, ತಿಂಗಳು, ತಂದೆ ಅಥವಾ ಗಂಡನ ಹೆಸರು ಗೊತ್ತಿದ್ದರೆ ಅವರಿಗೂ ಹುಡುಕಲು ಸುಲಭ. ತಾಯಿ, ಮಗು ಇಬ್ಬರಿಗೂ ಅರ್ಜಿ ಕೊಟ್ಟು ರಸೀದಿ ತೆಗೆದುಕೊಂಡೆ. ಉತ್ತರ ಬರಬೇಕು.

ಅಲ್ಲಿಂದ ಬಲ್ಮಠ. ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಮಿಷನ್ ಅಚ್ಚುಕೂಟದ ಹಳೇ ಪುಸ್ತಕಗಳಿವೆ. ಮಿಷನ್‌ನ ವರದಿಗಳು, ಪತ್ರಗಳು, ಫೋಟೋಗಳು ಹೆಚ್ಚಾಗಿ ಇರುವುದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಮೂಲ ಸಂಗ್ರಹದಲ್ಲಿ. ಫೋಟೋಗಳನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಹಂಚಿನ ಕಾರ್ಖಾನೆಯ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ತೆಗೆದವೂ ಅಲ್ಲಿವೆ. ಅದರಲ್ಲಿ ಮುತ್ತಜ್ಜ ಇರಬಹುದು, ಆದರೆ ಹೇಳುವವರು ಯಾರು?

ಸಂಜೆ ಸಭೆಯ ಹಿರಿಯರ ಮುಂದೆ ಅರ್ಜಿ ಇಟ್ಟೆವು. ಕೇಳಿದ್ದು ಮೂರೇ. ಜ್ವರದ ಸಾಲನ್ನು ಇನ್ನು ಮುಂದೆಯೂ ಮುಟ್ಟಬಾರದು. ಮರಣದ ರಿಜಿಸ್ಟರನ್ನು ಪೂರ್ತಿ ಸ್ಕ್ಯಾನ್ ಮಾಡಿಸಬೇಕು, ಖರ್ಚಿನಲ್ಲಿ ನಮ್ಮ ಮನೆಯ ಪಾಲು ಕೊಡುತ್ತೇವೆ. ಸಾಲಿನ ತಲೆಯಲ್ಲಿ ಒಂದು ಕರಿಕಲ್ಲು, ಅದರ ಮೇಲೆ ಎಲ್ಲರ ಹೆಸರು. ಮೊದಲ ಎರಡಕ್ಕೆ ತಕ್ಷಣ ಒಪ್ಪಿದರು. ಕಲ್ಲಿನ ವಿಷಯಕ್ಕೆ ಉಳಿದ ಮನೆಗಳವರ ಒಪ್ಪಿಗೆ ಬೇಕು ಅಂದರು, ಅದು ನ್ಯಾಯವೇ. ಸಾಲಿನಲ್ಲಿರುವವರಲ್ಲಿ ಏಳು ಜನರ ಮನೆಯವರನ್ನು ದೊಡ್ಡಮ್ಮ ಗುರುತಿಸಿದ್ದಾರೆ. ಒಬ್ಬರು ಉಡುಪಿಯಲ್ಲಿ, ಇಬ್ಬರು ಹುಬ್ಬಳ್ಳಿಯಲ್ಲಿ, ಒಂದು ಮನೆಯವರು ಕಣ್ಣೂರಿಗೆ ಹೋಗಿ ನೆಲೆಸಿದ್ದಾರೆ. ಫೋನ್ ಮಾಡುವ ಕೆಲಸ ನನ್ನದು.

ಪಟ್ಟಿಯಲ್ಲಿ ಇನ್ನೂ ಕೆಲವರಿದ್ದಾರೆ, ಅವರ ಮುಂದೆ ಮನೆತನದ ಹೆಸರೇ ಇಲ್ಲ. ಒಬ್ಬಳ ಎದುರು "ಬೋರ್ಡಿಂಗ್ ಹುಡುಗಿ, 11" ಅಂತ ಇದೆ. ಇವರ ಪರವಾಗಿ ಒಪ್ಪಿಗೆ ಕೊಡುವವರು ಯಾರು ಅಂತ ಹಿರಿಯರೊಬ್ಬರು ಕೇಳಿದಾಗ ದೊಡ್ಡಮ್ಮ ಪೆನ್ನು ಕೇಳಿ ತೆಗೆದುಕೊಂಡು ಆ ಹೆಸರುಗಳ ಮುಂದೆ ತಾವೇ ಸಹಿ ಹಾಕಿದರು. "ನಮ್ಮಮ್ಮನೂ ಬೋರ್ಡಿಂಗ್ ಹುಡುಗಿಯೇ" ಅಂದರು.

ನಿಮ್ಮ ಮನೆಯಲ್ಲಿ ಯಾರಾದರೂ ಯುದ್ಧದ ಕಾಲದಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ, ನೇಯ್ಗೆಯಲ್ಲಿ, ಇಲ್ಲವೇ ಬಲ್ಮಠದ ಅಚ್ಚುಕೂಟದಲ್ಲಿ ಇದ್ದು, 1918ರ ಆಸುಪಾಸಿನಲ್ಲಿ ಕತೆ ಇದ್ದಕ್ಕಿದ್ದಂತೆ ನಿಂತುಹೋಗಿದ್ದರೆ ಒಂದು ಮಾತು ತಿಳಿಸಿ. ಮನೆತನದ ಹೆಸರು, ಗೊತ್ತಿದ್ದರೆ ಗಂಡನ ಅಥವಾ ತಂದೆಯ ಹೆಸರು, ಇಷ್ಟು ಸಾಕು, ಪಟ್ಟಿಯಲ್ಲಿ ನೋಡಿ ಹೇಳುತ್ತೇನೆ. ಈಸ್ಟರ್ ಒಳಗೆ ಕಲ್ಲು ಹಾಕಿಸಬೇಕು ಅಂತ ದೊಡ್ಡಮ್ಮ ಪಟ್ಟು ಹಿಡಿದಿದ್ದಾರೆ.